ಕೋಳಿಗೆ ಕೊಟ್ಟ ಮಾತು

ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗದು ಎಂದು ನಂಬಿದ್ದ ಮುದುಕಿಯ ಕತೆ ಗೊತ್ತಿಲ್ಲದವರು ನಮ್ಮಲ್ಲಿ ಯಾರೂ ಇರಲಾರರು. ಊರವರ ಮೇಲೆ ಮುನಿಸಿಕೊಂಡ ಮುದುಕಿ ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಕಾಡು ಸೇರುತ್ತಾಳೆ. ಮಾರನೆಯ ದಿನ ಊರಿಗೆ ಎಂದಿನಂತೆಯೇ ಬೆಳಗಾಗುತ್ತದೆ. ಕಾರಣ ಯಾವುದು, ಪರಿಣಾಮ ಯಾವುದು ಎಂದು ವಿವರಿಸಬೇಕಾದಾಗಲೆಲ್ಲ ನಾನು ತರಗತಿಯಲ್ಲಿ ಈ ಕತೆ ಹೇಳುತ್ತೇನೆ. ಸುಮಾರು ಮೂವತ್ತು ವರ್ಷಗಳಿಂದ ಅದೇ ಕತೆ, ಮಕ್ಕಳದ್ದು ಅದೇ ನಗು.

ಎರಡು ವರ್ಷದ ಹಿಂದೆ, ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ, ಹತ್ತನೇ ತರಗತಿಯಲ್ಲಿ ಈ ಕತೆ ಹೇಳಿ ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಸಾಮಾನ್ಯವಾಗಿ ತೂಕಡಿಸುವ ಹುಡುಗ. ಅಂದು ಏಕೋ ಎಚ್ಚರವಾಗಿದ್ದ.

"ಸಾರ್, ನಮ್ಮನೇಲಿ ಇದು ಉಲ್ಟಾ. ನಾನು ಎದ್ದು ಸ್ವಿಚ್ ಹಾಕದೇ ಇದ್ರೆ ಕೋಳಿಗಳಿಗೇ ಬೆಳಗಾಗಲ್ಲ."

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ನಗು ನಿಂತ ಮೇಲೆ ಕೇಳಿದೆ, "ಎಷ್ಟು ಹೊತ್ತಿಗೋ ಸ್ವಿಚ್ ಹಾಕೋದು?" "ನಾಲ್ಕು ಗಂಟೆಗೆ ಸಾರ್." "ಮಲಗೋದು?" "ಹನ್ನೊಂದೂವರೆ, ಹನ್ನೆರಡು." ಆಗ ಅವನ ಮುಖವನ್ನು ಸರಿಯಾಗಿ ನೋಡಿದೆ. ಕಣ್ಣು ಕೆಂಪಗಿದ್ದವು. ಅವನು ತರಗತಿಯಲ್ಲಿ ನಿದ್ದೆ ಮಾಡುತ್ತಾನೆಂದು ಆ ವರ್ಷ ಎಷ್ಟೋ ಸಲ ಬೈದಿದ್ದೆ. ಏಕೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಕೋಳಿ ಶೆಡ್ಡಿನ ಆ ಸ್ವಿಚ್ಚಿನ ವಿಷಯ ನನಗೆ ಹೊಸದಲ್ಲ. ಅದರಿಂದ ಕೈ ಸುಟ್ಟುಕೊಂಡವನು ನಾನು. ಆ ಕತೆಯನ್ನು ಮಕ್ಕಳಿಗೆ ಎಂದೂ ಹೇಳಿರಲಿಲ್ಲ. ಮೇಷ್ಟರು ತಾವು ಫೇಲಾದ ಪರೀಕ್ಷೆಯ ಸುದ್ದಿ ಎತ್ತುವುದು ಕಡಿಮೆ.

1994ರಲ್ಲಿ ಬಿ.ಎಸ್ಸಿ., ಬಿ.ಎಡ್. ಎರಡನ್ನೂ ಮುಗಿಸಿ, ನೌಕರಿಯ ಆದೇಶಕ್ಕೆ ಕಾಯುತ್ತ, ಚಿಂತಾಮಣಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಕುಳಿತಿದ್ದೆ. ಅಪ್ಪನಿಗೆ ಮಗ ಸುಮ್ಮನೆ ಕೂತಿರುವುದು ಕಂಡರೆ ಆಗದು. ತೋಟದ ಮೂಲೆಯಲ್ಲಿ ಶೀಟಿನ ಒಂದು ಶೆಡ್ ಹಾಕಿಸಿ, ಇನ್ನೂರು ಲೆಗಾರ್ನ್ ಮರಿಗಳನ್ನು ತರಿಸಿಕೊಟ್ಟರು. ಬಂಡವಾಳಕ್ಕೆ ಅಮ್ಮನ ಕಾಸಿನ ಸರ ಅಡವಿಗೆ ಹೋಯಿತು. "ಓದಿದ ಮಗ, ಪುಸ್ತಕ ನೋಡಿ ಸಾಕುತ್ತಾನೆ ಬಿಡು" ಎಂದು ಅಪ್ಪ ಅಮ್ಮನಿಗೆ ಸಮಾಧಾನ ಹೇಳಿದ್ದರು.

ಪುಸ್ತಕವನ್ನೇನೋ ನೋಡಿದೆ. ಅದರಲ್ಲಿ ಮೊಟ್ಟೆಯಿಡುವ ಕೋಳಿಗೆ ದಿನಕ್ಕೆ 16 ಗಂಟೆ ಬೆಳಕು ಬೇಕು ಎಂದಿತ್ತು. ನಮ್ಮ ಚಳಿಗಾಲದ ಹಗಲು ಎಷ್ಟು? ಡಿಸೆಂಬರ್ 22ರ ಆಸುಪಾಸಿನಲ್ಲಿ ಈ ಕಡೆ ಸೂರ್ಯ ಹುಟ್ಟುವುದು ಸುಮಾರು 6.40ಕ್ಕೆ, ಮುಳುಗುವುದು 6 ಗಂಟೆಗೆ. ಅಂದರೆ ಹಗಲು ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಉಳಿದದ್ದನ್ನು ಬಲ್ಬು ತುಂಬಿಕೊಡಬೇಕು. ಸಾಲು ಬಲ್ಬು ಕಟ್ಟಿದೆ. ಬೆಳಿಗ್ಗೆ ನಾಲ್ಕಕ್ಕೆ ಹಾಕುವುದು, ಸೂರ್ಯ ಬಂದ ಮೇಲೆ ಆರಿಸುವುದು. ಸಂಜೆ ಆರಕ್ಕೆ ಹಾಕಿ ಎಂಟಕ್ಕೆ ಆರಿಸುವುದು. ಲೆಕ್ಕ ಸರಿಯಾಗಿಯೇ ಇತ್ತು.

ಅಮ್ಮ ಹಿತ್ತಲಲ್ಲಿ ಏಳೆಂಟು ನಾಟಿ ಕೋಳಿ ಸಾಕಿಕೊಂಡಿದ್ದಳು. ಅವಕ್ಕೆ ಶೆಡ್ಡಿಲ್ಲ, ಬಲ್ಬಿಲ್ಲ. ಸಂಜೆಯಾದರೆ ತಾವೇ ಬಂದು ಗೂಡು ಸೇರುತ್ತಿದ್ದವು. ಮರಿಗಳಿದ್ದರೆ ಮಂಕರಿ ಕವುಚಿ ಮೇಲೊಂದು ಕಲ್ಲು. ಮೊದಲ ದಿನ ನಸುಕಿನಲ್ಲಿ ನನ್ನ ಶೆಡ್ಡು ಮದುವೆ ಮನೆಯಂತೆ ಬೆಳಗುವುದನ್ನು ಕಂಡು ಅವಳು ಕೇಳಿದಳು, "ಕೋಳಿಗೂ ಒಂದಿಷ್ಟು ರಾತ್ರಿ ಬೇಡವೇನೋ?"

"ನಿನಗೆ ಗೊತ್ತಾಗೋದಿಲ್ಲ ಸುಮ್ಮನಿರಮ್ಮ, ಇದು ಸೈನ್ಸು" ಎಂದೆ.

ನಾನು ಮಾಡಿದ ಮೊದಲ ತಪ್ಪು ಆತುರದ್ದು. ಹದಿನಾರು ಗಂಟೆಯ ಬೆಳಕು ಮೊಟ್ಟೆಯಿಡುವ ಕೋಳಿಗೆ. ನನ್ನವು ಇನ್ನೂ ಹದಿಮೂರು ವಾರದ ಎಳೆ ಹೇಂಟೆಗಳು. ಬೇಗ ಬೆಳಕು ಕೊಟ್ಟರೆ ಬೇಗ ಮೊಟ್ಟೆ, ಬೇಗ ಮೊಟ್ಟೆಯಾದರೆ ಬೇಗ ಸರ ಬಿಡಿಸಬಹುದು ಎಂದು ನನ್ನ ಎಣಿಕೆ. ಮೊಟ್ಟೆಯೇನೋ ಬೇಗ ಬಂತು. ಆದರೆ ಗೋಲಿಗಿಂತ ಸ್ವಲ್ಪ ದೊಡ್ಡವು, ಅಂಗಡಿಯವನು ಕೈಯಲ್ಲಿ ಹಿಡಿದು, "ಇದು ಕೋಳಿದಾ ಪಾರಿವಾಳದ್ದಾ?" ಎಂದ. ಮೈ ಬಲಿಯುವ ಮೊದಲೇ ಮೊಟ್ಟೆಯಿಡಲು ತೊಡಗಿದ ಕೆಲವು ಕೋಳಿಗಳಿಗೆ ಗರ್ಭದ ಚೀಲವೇ ಹೊರಗೆ ಜಾರಿತು. ಕೆಂಪು ಕಂಡರೆ ಕೋಳಿಗಳು ಬಿಡುತ್ತವೆಯೇ? ಜೊತೆಯವೇ ಕುಕ್ಕಿ ಕುಕ್ಕಿ ಕೊಂದವು. ಹೀಗೆ ಹನ್ನೊಂದು ಹೋದವು.

ಎರಡನೆಯ ತಪ್ಪನ್ನು ತಪ್ಪು ಎನ್ನಬೇಕೋ ದುರದೃಷ್ಟ ಎನ್ನಬೇಕೋ, ಇಂದಿಗೂ ತಿಳಿಯದು. ಉಳಿದ ಕೋಳಿಗಳು ಚೇತರಿಸಿಕೊಂಡು ದಿನಕ್ಕೆ ನೂರೈವತ್ತರ ಹತ್ತಿರ ಮೊಟ್ಟೆ ಕೊಡುತ್ತಿದ್ದವು. ಸರ ಬಿಡಿಸುವ ದಿನವನ್ನು ಅಮ್ಮ ಬೆರಳು ಮಡಿಸಿ ಎಣಿಸುತ್ತಿದ್ದಳು. ಮರುವರ್ಷದ ಚಳಿಗಾಲದಲ್ಲಿ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಹನ್ನೆರಡು ದಿನ ಕರೆಂಟಿಲ್ಲ. ಮೂರು ರಾತ್ರಿ ಪೆಟ್ರೋಮ್ಯಾಕ್ಸ್ ಉರಿಸಿದೆ. ಸೀಮೆಎಣ್ಣೆ ಮುಗಿಯಿತು. ಹೋಗಲಿ, ಕೋಳಿಗೆ ತಿಂಡಿ ಇದೆ, ನೀರಿದೆ, ಹನ್ನೊಂದು ಗಂಟೆ ಬಿಸಿಲಿದೆ, ಏನಾದೀತು ಎಂದು ಸುಮ್ಮನಾದೆ.

ಆದದ್ದು ಇಷ್ಟು: ಒಂದು ವಾರದೊಳಗೆ ಮೊಟ್ಟೆ ಅರ್ಧಕ್ಕಿಳಿಯಿತು. ಆಮೇಲೆ ಶೆಡ್ಡಿನ ನೆಲದ ತುಂಬ ಬಿಳಿ ಪುಕ್ಕ. ಕತ್ತು ಬೋಳಾದ, ಬಾಲವಿಲ್ಲದ ಕೋಳಿಗಳು ಮೂಲೆಯಲ್ಲಿ ಮುದುಡಿ ನಿಂತಿದ್ದವು. ಕರೆಂಟು ಬಂದ ದಿನವೇ ಎಲ್ಲ ಬಲ್ಬು ಹಾಕಿದೆ. ಅವು ಕಣ್ಣೆತ್ತಿಯೂ ನೋಡಲಿಲ್ಲ. ಪುಕ್ಕ ಮತ್ತೆ ಬೆಳೆದು ಮೊಟ್ಟೆ ಶುರುವಾಗಬೇಕಾದರೆ ಎರಡು ತಿಂಗಳಾದರೂ ಬೇಕು; ಅಲ್ಲಿಯವರೆಗೆ ಮೇವಿನ ಮೂಟೆಗೆ ದುಡ್ಡೆಲ್ಲಿ? ಸಿಕ್ಕ ಬೆಲೆಗೆ ಮಾಂಸದವರಿಗೆ ತೂಗಿ ಕೊಟ್ಟೆವು. ಕಾಸಿನ ಸರ ಮನೆಗೆ ಬರಲಿಲ್ಲ. ಅಮ್ಮ ಅದರ ಮಾತೆತ್ತಲಿಲ್ಲ. ಆ ವಾರವೇ ಅವಳ ನಾಟಿ ಹೇಂಟೆಯೊಂದು ಹನ್ನೆರಡು ಮೊಟ್ಟೆಯ ಮೇಲೆ ಕಾವು ಕೂತಿತು, ಯಾರ ಬಲ್ಬಿನ ಹಂಗೂ ಇಲ್ಲದೆ.

ಏಕೆ ಹೀಗಾಯಿತು? ಉತ್ತರ ನನ್ನ ಬಿ.ಎಸ್ಸಿ. ನೋಟ್ಸಿನಲ್ಲಿಯೇ ಇತ್ತು. ಹಗಲಿರುಳುಗಳ ಉದ್ದ ನೋಡಿ ಜೀವಿಗಳು ಋತುವನ್ನು ಅರಿಯುತ್ತವೆ ಎಂಬ ಪಾಠವನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಅಂಕವನ್ನೂ ಪಡೆದಿದ್ದೆ. ಶೆಡ್ಡಿನಲ್ಲಿ ಮಾತ್ರ ನೆನಪಾಗಲಿಲ್ಲ. ಮುಂದೆ ನೌಕರಿ ಸಿಕ್ಕಿ, ಒಂದೊಂದು ವರ್ಗಾವಣೆಯಲ್ಲೂ ಒಂದೊಂದು ಊರಿಗೆ ಹೋದಾಗ, ಆ ಪಾಠವನ್ನು ಮತ್ತೆ ಕಲಿತೆ.

ಮೊದಲು ಹೋದದ್ದು ಗೌರಿಬಿದನೂರು ತಾಲ್ಲೂಕಿಗೆ. ಅಲ್ಲಿ 1976ರಿಂದ ಒಂದು ರೇಡಿಯೊ ದೂರದರ್ಶಕವಿದೆ. ದೂರದರ್ಶಕ ಎಂದೊಡನೆ ಕಣ್ಣಿಟ್ಟು ನೋಡುವ ಕೊಳವೆ ಎಂದುಕೊಂಡು ಹೋದ ಮಕ್ಕಳಿಗೆ ನಿರಾಸೆ. ಅಲ್ಲಿರುವುದು ಬಯಲಿನ ತುಂಬ ಕಂಬ, ತಂತಿ. ಕಣ್ಣಿಗೆ ಕಾಣದ ರೇಡಿಯೊ ಅಲೆಗಳ ಮೂಲಕ ಅಲ್ಲಿ ಸೂರ್ಯನನ್ನೂ ಆಕಾಶದ ಇತರ ಮೂಲಗಳನ್ನೂ ಗಮನಿಸುತ್ತಾರೆ. ಸೂರ್ಯನನ್ನು ಅರಿಯಲು ಕಣ್ಣೇ ಬೇಕೆಂದಿಲ್ಲ ಎಂದು ಮಕ್ಕಳಿಗೆ ವಿವರಿಸುತ್ತಿದ್ದಾಗ ನನಗೆ ನೆನಪಾದದ್ದು ಕೋಳಿ!

ಕೋಳಿ ಹಗಲಿನ ಉದ್ದವನ್ನು ಅಳೆಯುವುದು ಮುಖ್ಯವಾಗಿ ಕಣ್ಣಿನಿಂದಲ್ಲ. ಬೆಳಕು ಅದರ ತೆಳುವಾದ ತಲೆಬುರುಡೆಯನ್ನು ದಾಟಿ ನೇರವಾಗಿ ಮಿದುಳಿಗೆ ತಲುಪುತ್ತದೆ. 1930ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿ ಜಾಕ್ ಬೆನ್ವಾ ಬಾತುಕೋಳಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದ. ದೃಷ್ಟಿಯಿಲ್ಲದ ಬಾತುಗಳೂ ಬೆಳಕಿನ ಅವಧಿ ಹೆಚ್ಚಿದಾಗ ಸಂತಾನಕಾಲಕ್ಕೆ ಸಿದ್ಧವಾಗುತ್ತಿದ್ದವು. ಮಿದುಳಿನಾಳದಲ್ಲಿ ಹೈಪೊಥಲಾಮಸ್ ಎಂಬ ಭಾಗವಿದೆ. ಹಗಲು ಉದ್ದವಾಗಿದೆ ಎಂಬ ಸುದ್ದಿ ಅಲ್ಲಿಗೆ ತಲುಪಿದರೆ ಅದು ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ. ಪಿಟ್ಯುಟರಿ ರಕ್ತಕ್ಕೆ ಹಾರ್ಮೋನು ಬಿಡುತ್ತದೆ. ಅದು ಅಂಡಾಶಯವನ್ನು ಎಬ್ಬಿಸುತ್ತದೆ. ತಾಲ್ಲೂಕು ಕಚೇರಿಯಿಂದ ಪಂಚಾಯಿತಿಗೆ ಆದೇಶ ಇಳಿದಂತೆ.

ಇಲ್ಲಿ ಒಂದು ಸಂದೇಹ ಹುಟ್ಟುವುದು ಸಹಜ. ಬಲ್ಬಿನಿಂದ ಕೋಳಿಗೆ ಬೆಚ್ಚಗಾಗಿ, ಅದರಿಂದ ಮೊಟ್ಟೆ ಹೆಚ್ಚುವುದೇ? ಎಷ್ಟೋ ಜನ ಹಾಗೆ ತಿಳಿದಿದ್ದಾರೆ. ಅದಲ್ಲ. 1920ರ ದಶಕದಲ್ಲಿ ಕೆನಡಾದ ವಿಲಿಯಂ ರೋವನ್ ಎಂಬ ಪ್ರಾಣಿಶಾಸ್ತ್ರದ ಮೇಷ್ಟರು ಪುಟ್ಟ ಹಕ್ಕಿಗಳನ್ನು ಬಯಲಿನ ಪಂಜರದಲ್ಲಿಟ್ಟು, ನೀರು ಹೆಪ್ಪುಗಟ್ಟುವ ಚಳಿಯಲ್ಲಿ, ಸಂಜೆ ಮಾತ್ರ ಬಲ್ಬು ಉರಿಸಿ ದಿನದಿನಕ್ಕೂ ಹಗಲನ್ನು ಸ್ವಲ್ಪ ಸ್ವಲ್ಪ ಹಿಗ್ಗಿಸುತ್ತ ಹೋದ. ಹೊರಗೆ ಹಿಮವಿದ್ದರೂ ಹಕ್ಕಿಗಳ ಒಡಲಿನಲ್ಲಿ ವಸಂತ ಬಂದಿತ್ತು. ಕೆಲಸ ಮಾಡಿದ್ದು ಬಿಸಿಯಲ್ಲ, ಬೆಳಕಿನ ಅವಧಿ.

ಹಾಗಾದರೆ ಬಲ್ಬು ಕೋಳಿಯಿಂದ ಮೊಟ್ಟೆ ಹಿಂಡುವ ಯಂತ್ರವಲ್ಲ. ಅದು ಕೋಳಿಗೆ ಹೇಳುವ ಒಂದು ಮಾತು: 'ಹಗಲು ದೊಡ್ಡದಾಗುತ್ತಿದೆ, ಮುಂದೆ ಒಳ್ಳೆಯ ಕಾಲವಿದೆ, ಕಾಳು ಹುಳ ಎಲ್ಲ ಸಿಗುತ್ತದೆ, ಮರಿ ಮಾಡಿಕೋ' ಎಂಬ ಮಾತು. ಕಾಡಿನ ಕೋಳಿಗೆ ಆ ಮಾತನ್ನು ಸೂರ್ಯ ಹೇಳುತ್ತಾನೆ, ಮತ್ತು ಸೂರ್ಯ ಸುಳ್ಳು ಹೇಳುವುದಿಲ್ಲ. ಶೆಡ್ಡಿನ ಕೋಳಿಗೆ ನಾವು ಹೇಳುತ್ತೇವೆ. ಹೇಳಿದ ಮೇಲೆ ಉಳಿಸಿಕೊಳ್ಳಬೇಕು. ಹನ್ನೆರಡು ದಿನ ನನ್ನ ಶೆಡ್ಡು ಕತ್ತಲಾದಾಗ ಕೋಳಿಗಳಿಗೆ ತಿಂಡಿ ಕಡಿಮೆಯಾಗಲಿಲ್ಲ. ಮಾತು ತಪ್ಪಿತು, ಅಷ್ಟೆ. 'ಹಗಲು ಕುಗ್ಗಿತು, ಕೆಟ್ಟ ಕಾಲ ಬಂತು' ಎಂದು ತಿಳಿದ ಒಡಲು ಮೊಟ್ಟೆ ನಿಲ್ಲಿಸಿ, ಹಳೆಯ ಪುಕ್ಕ ಉದುರಿಸಿ, ಹೊಸ ಪುಕ್ಕ ಕಟ್ಟಲು ಹೊರಟಿತು.

ಅದಕ್ಕೇ ಕೋಳಿ ಸಾಕುವವರಲ್ಲಿ ಎರಡು ಸೂತ್ರಗಳಿವೆ. ಬೆಳೆಯುವ ಕೋಳಿಗೆ ಬೆಳಕು ಹೆಚ್ಚಿಸಬೇಡ. ಇಡುವ ಕೋಳಿಗೆ ಬೆಳಕು ಕಡಿಮೆ ಮಾಡಬೇಡ. ಹದಿನೇಳು ಹದಿನೆಂಟು ವಾರ ತುಂಬಿ, ಮೈತೂಕ ಬಂದ ಮೇಲೆ ಹಂತಹಂತವಾಗಿ ಬೆಳಕು ಏರಿಸುತ್ತ ಹದಿನಾರು ಗಂಟೆಗೆ ಮುಟ್ಟಿಸಬೇಕು, ಅಲ್ಲಿಂದಾಚೆಗೆ ಇಳಿಸಬಾರದು. ಬೆಳಕು ಕೋರೈಸಬೇಕಿಲ್ಲ. ಕೋಳಿಯ ತಲೆಯ ಮಟ್ಟದಲ್ಲಿ ಪೇಪರ್ ಹಿಡಿದರೆ ಓದಲು ಬರುವಷ್ಟಿದ್ದರೆ ಸಾಕು. ಎರಡು ಸೂತ್ರದಲ್ಲಿ ಎರಡನ್ನೂ ಮುರಿದ ಪುಣ್ಯಾತ್ಮ ನಾನು.

ಇನ್ನೊಂದು ಮಾತು. ಲಂಡನ್ನಿನಂಥ ಊರಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಬೇಸಿಗೆಯಲ್ಲಿ ಹದಿನಾರೂವರೆ ಗಂಟೆಗೂ ಮೀರುತ್ತದೆ. ಅಲ್ಲಿ ಕೋಳಿಯ ಬಲ್ಬು ಚಳಿಗಾಲದ ಮಾತು. ನಮ್ಮಲ್ಲಿ ಜೂನ್ ತಿಂಗಳ ಅತಿ ದೊಡ್ಡ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಚಳಿಗಾಲಕ್ಕೂ ಬೇಸಿಗೆಗೂ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಹಾಗಾಗಿ ನಮ್ಮ ಲೇಯರ್ ಶೆಡ್ಡುಗಳಲ್ಲಿ ವರ್ಷವಿಡೀ ಬಲ್ಬು ಉರಿಯುತ್ತದೆ. ವರ್ಷಕ್ಕೆ ಮುನ್ನೂರು ಮೊಟ್ಟೆಯಿಡುವಂತೆ ತಳಿಗಾರರು ರೂಪಿಸಿದ ಕೋಳಿಗೆ ನಮ್ಮ ಸೂರ್ಯ ಸಾಲುವುದಿಲ್ಲ. ಅಮ್ಮನ ನಾಟಿ ಕೋಳಿಗೆ ಸಾಲುತ್ತದೆ. ಅದು ವರ್ಷಕ್ಕೆ ಅರವತ್ತೋ ಎಪ್ಪತ್ತೋ ಇಟ್ಟು, ನಡುನಡುವೆ ಕಾವು ಕೂತು, ಮರಿ ಕಟ್ಟಿಕೊಂಡು ತಿರುಗುತ್ತದೆ.

ಗೌರಿಬಿದನೂರಿನಿಂದ ನನಗೆ ಶಿಡ್ಲಘಟ್ಟಕ್ಕೆ ವರ್ಗವಾಯಿತು. ಅಲ್ಲಿ ಮಾತೆಲ್ಲ ರೇಷ್ಮೆಯದ್ದು. ನನ್ನ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಒಂದು ದಿನ ರೇಷ್ಮೆ ಮೊಟ್ಟೆಗಳನ್ನು ಕಪ್ಪು ಬಟ್ಟೆಯಲ್ಲಿ ಮುಚ್ಚಿಟ್ಟಿದ್ದರು. "ಇದೇಕೆ?" ಎಂದೆ. ಮನೆಯ ಹಿರಿಯ ಹೆಂಗಸು ನಕ್ಕು, "ಎಲ್ಲಾ ಒಟ್ಟಿಗೆ ಏಳಲಿ ಅಂತ ಮೇಷ್ಟ್ರೇ" ಎಂದರು. ಮೊಟ್ಟೆ ನೀಲಿಗೆ ತಿರುಗುವ ಹೊತ್ತಿಗೆ ಒಂದೆರಡು ದಿನ ಪೂರ್ತಿ ಕತ್ತಲಲ್ಲಿಟ್ಟು, ಆಮೇಲೆ ಒಂದು ಬೆಳಿಗ್ಗೆ ಬೆಳಕಿಗೆ ತೆರೆದರೆ ಮರಿಹುಳುಗಳು ಹೆಚ್ಚುಕಡಿಮೆ ಒಟ್ಟಿಗೇ ಹೊರಬರುತ್ತವೆ. ಮುಂದೆ ಬಿದ್ದಿದ್ದ ಮೊಟ್ಟೆಯನ್ನು ಕತ್ತಲು ತಡೆಹಿಡಿಯುತ್ತದೆ, ಹಿಂದೆ ಬಿದ್ದಿದ್ದಕ್ಕೆ ಬಲಿಯಲು ಸಮಯ ಕೊಡುತ್ತದೆ. ಚಾಕಿಯಲ್ಲಿ ಎಲ್ಲ ಹುಳುವೂ ಒಂದೇ ವಯಸ್ಸಿನದಾದರೆ ಸೊಪ್ಪು ಹಾಕುವುದು ಸುಲಭ. ಕತ್ತಲೆ ಎಂದರೆ ಬೆಳಕಿಲ್ಲದಿರುವುದು ಎಂದಷ್ಟೇ ತಿಳಿದಿದ್ದ ನನಗೆ, ಕತ್ತಲೆಗೂ ಒಂದು ಕೆಲಸವಿದೆ ಎಂದು ಕಲಿಸಿದವರು ಆ ತಾಯಿ.

ಕೋಳಿಯ ವಿಷಯದಲ್ಲೂ ಅಷ್ಟೆ. ಒಂದು ಮೊಟ್ಟೆ ತಯಾರಾಗಲು ಸುಮಾರು ಇಪ್ಪತ್ತೈದು ಗಂಟೆ ಬೇಕು. ಬಿಳಿಯ ಲೋಳೆ ಸುತ್ತಿಕೊಳ್ಳಲು ಮೂರು ಗಂಟೆ, ಒಳಪೊರೆಗೆ ಒಂದು ಗಂಟೆಯ ಮೇಲೆ ಸ್ವಲ್ಪ. ಉಳಿದ ಇಪ್ಪತ್ತು ಗಂಟೆಯೂ ಚಿಪ್ಪು ಕಟ್ಟುವುದಕ್ಕೇ. ಆ ಕೆಲಸದ ಮುಖ್ಯ ಭಾಗ ನಡೆಯುವುದು ರಾತ್ರಿ, ಕೋಳಿ ಮಲಗಿರುವಾಗ. ಒಂದು ಚಿಪ್ಪಿಗೆ ಎರಡು ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಬೇಕು. ರಾತ್ರಿ ಮೇಯದ ಕೋಳಿ ಅದರಲ್ಲಿ ಒಂದು ಪಾಲನ್ನು ತನ್ನ ಮೂಳೆಯಿಂದಲೇ ಕಡ ತೆಗೆದು, ಹಗಲು ತಿಂದು ತೀರಿಸುತ್ತದೆ. ಅದಕ್ಕೇ ಮೇವಿನಲ್ಲಿ ಸುಣ್ಣದ ಅಂಶ ಬೇಕು, ಕಪ್ಪೆಚಿಪ್ಪಿನ ನುಚ್ಚು ಬೇಕು. ಬಲ್ಬು ಉರಿಸಿ ಮೇವಿನಲ್ಲಿ ಜಿಪುಣತನ ಮಾಡಿದರೆ ಮೊದಲು ಚಿಪ್ಪು ತೆಳ್ಳಗಾಗುತ್ತದೆ, ಆಮೇಲೆ ಕೋಳಿಯ ಕಾಲೇ ಬಲ ಕಳೆದುಕೊಳ್ಳುತ್ತದೆ. 'ಬಲ್ಬು ಹಾಕಿದರೆ ಹೊಟ್ಟೆಯಲ್ಲಿರುವ ಮೊಟ್ಟೆಯೆಲ್ಲ ಬೇಗ ಖಾಲಿಯಾಗುತ್ತದೆ' ಎಂದು ಹಳ್ಳಿಯಲ್ಲಿ ಹೇಳುವುದುಂಟು. ಅದು ನಿಜವಲ್ಲ, ಕೋಳಿಯ ಅಂಡಾಶಯದಲ್ಲಿ ಸಾವಿರಾರು ಅಂಡಾಣುಗಳಿರುತ್ತವೆ. ಖಾಲಿಯಾಗುವುದು ಮೂಳೆ, ಮತ್ತು ಮೈಯ ಶಕ್ತಿ.

ಹದಿನಾರು ಗಂಟೆ ಬೆಳಕು ಎಂಬುದನ್ನು ನಾವೆಲ್ಲ ನೆನಪಿಡುತ್ತೇವೆ. ಅದರ ಇನ್ನೊಂದು ಮುಖ ಎಂಟು ಗಂಟೆ ಕತ್ತಲೆ. ಬೆಳಗ್ಗೆಯ ಬಲ್ಬು ಎಷ್ಟು ನಿಯಮವೋ ರಾತ್ರಿಯ ಕತ್ತಲೆಯೂ ಅಷ್ಟೇ ನಿಯಮ. ಅಮ್ಮ ಅಂದು ಕೇಳಿದ ಪ್ರಶ್ನೆಗೆ ವಿಜ್ಞಾನದ ಉತ್ತರ, 'ಬೇಕಮ್ಮ, ಎಂಟು ಗಂಟೆ' ಎಂದು. ಹೇಳುವಷ್ಟು ಬುದ್ಧಿ ನನಗೆ ಬರುವ ಹೊತ್ತಿಗೆ ಅವಳಿರಲಿಲ್ಲ.

ಈಗ ನಾನಿರುವುದು ಚಿಕ್ಕಬಳ್ಳಾಪುರದ ಬಳಿ. ರಾತ್ರಿ ಬಸ್ಸಿನಲ್ಲಿ ಈ ಕಡೆ ಬಂದವರು ನೋಡಿರಬಹುದು; ಹೊಲದ ನಡುವೆ ಸಾಲು ಸಾಲಾಗಿ ಬಲ್ಬುಗಳು ಜಾತ್ರೆಯ ಹಾಗೆ ಉರಿಯುತ್ತಿರುತ್ತವೆ. ಅದು ಸೇವಂತಿಗೆ ತೋಟ. ಸೇವಂತಿಗೆ ರಾತ್ರಿ ಉದ್ದವಾದರೆ ಮೊಗ್ಗು ಬಿಡುವ ಗಿಡ. ನಡುರಾತ್ರಿಯಲ್ಲಿ ಕೆಲವು ಗಂಟೆ ಬೆಳಕು ಕೊಟ್ಟು ರಾತ್ರಿಯನ್ನು ತುಂಡು ಮಾಡಿದರೆ, ಗಿಡ 'ಇನ್ನೂ ಕಾಲ ಬಂದಿಲ್ಲ' ಎಂದುಕೊಂಡು ಎತ್ತರಕ್ಕೆ ಬೆಳೆಯುತ್ತದೆ. ಬೇಕಾದಷ್ಟು ಬೆಳೆದ ಮೇಲೆ ಬಲ್ಬು ಆರಿಸಿದರೆ ಮೊಗ್ಗು. ಹಬ್ಬದ ಮಾರುಕಟ್ಟೆಗೆ ಹೂವನ್ನು ಹೊಂದಿಸುವ ಉಪಾಯ ಇದು. ಗಿಡಗಳು ಹಗಲಿರುಳಿನ ಉದ್ದವನ್ನು ಹೀಗೆ ಎಣಿಸುತ್ತವೆ ಎಂದು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ತೋರಿಸಿಕೊಟ್ಟಿದ್ದರು. ಒಂದೇ ಬಲ್ಬು ಕೋಳಿಗೆ 'ಇಡು' ಎನ್ನುತ್ತದೆ, ಸೇವಂತಿಗೆಗೆ 'ತಾಳು' ಎನ್ನುತ್ತದೆ. ಬೆಳಕು ಒಂದೇ, ಕೇಳಿಸಿಕೊಳ್ಳುವವರು ಬೇರೆ.

ಹಾಗಾದರೆ ಅದೇ ಬಲ್ಬು ಹತ್ತನೇ ತರಗತಿಯ ಹುಡುಗನಿಗೆ ಏನು ಹೇಳುತ್ತದೆ?

ಆ ಭಾನುವಾರ ಹುಡುಗನ ಮನೆಗೆ ಹೋದೆ. ಸಾವಿರ ಕೋಳಿಯ ಶೆಡ್ಡು, ಎರಡು ಸೀಮೆ ಹಸು, ಒಂದು ಎಕರೆಯಲ್ಲಿ ತರಕಾರಿ. ತಂದೆ ನಡುರಾತ್ರಿಗೇ ತರಕಾರಿ ಲೋಡಿನ ಜೊತೆ ಮಾರುಕಟ್ಟೆಗೆ ಹೋಗುವವರು. ತಾಯಿ ಹಸುಗಳ ಕೆಲಸಕ್ಕೆ. ನಾಲ್ಕು ಗಂಟೆಯ ಸ್ವಿಚ್ಚು ಮಗನ ಪಾಲಿಗೆ.

"ಹೆಂಗೂ ಏಳ್ತಾನಲ್ಲ ಮೇಷ್ಟ್ರೇ, ಹಂಗೇ ಓದ್ಕೊಳ್ಳಲಿ ಅಂತ. ಸ್ವಾಮಿ ಕಾರ್ಯ, ಸ್ವಕಾರ್ಯ" ಎಂದರು ತಂದೆ. ಒಳ್ಳೆಯ ಮನುಷ್ಯ. ಮಗ ನಾಲ್ಕಕ್ಕೆ ಎದ್ದು ಓದುತ್ತಾನೆಂದು ಬಂಧುಗಳಲ್ಲಿ ಹೇಳಿಕೊಂಡು ಹಿಗ್ಗುವವರು. ರಾತ್ರಿ ಹನ್ನೊಂದೂವರೆಯವರೆಗೆ ಅವನು ಓದುವುದೂ, ಓದು ಮುಗಿದ ಮೇಲೆ ಹೊದಿಕೆಯೊಳಗೆ ಮೊಬೈಲ್ ನೋಡುವುದೂ ಅವರಿಗೆ ತಿಳಿಯದು. ಎಂಟಕ್ಕೆ ಕೋಳಿಗಳಿಗೆ ಕತ್ತಲೆ ಮಾಡಿ ಅವರು ಮಲಗಿಬಿಡುತ್ತಿದ್ದರು.

"ಯಜಮಾನರೇ, ಕೋಳಿಗೆ ಎಷ್ಟು ಗಂಟೆ ಕತ್ತಲೆ ಕೊಡ್ತೀರಿ?" ಎಂದೆ.

"ಎಂಟು. ಕಡಿಮೆ ಆಗ್ಬಾರ್ದು ಅಂತ ಡಾಕ್ಟ್ರು ಹೇಳವ್ರೆ."

"ಮಗನಿಗೆ?"

ಅವರು ಹುಡುಗನ ಕಡೆ ನೋಡಿದರು. ಹುಡುಗ ನೆಲ ನೋಡಿದ. ನಾಲ್ಕು ಗಂಟೆಯೂ ತುಂಬದ ನಿದ್ದೆಯ ಲೆಕ್ಕ ಅಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ನಮ್ಮ ತಲೆಬುರುಡೆಯನ್ನು ತೂರಿ ಬೆಳಕು ಗಡಿಯಾರ ತಿರುಗಿಸುವುದಿಲ್ಲ. ನಮಗೆ ಕಣ್ಣೇ ಬಾಗಿಲು. ಕಣ್ಣಿನ ಹಿಂಪರದೆಯಲ್ಲಿ, ಚಿತ್ರ ನೋಡುವ ಕೋಶಗಳಲ್ಲದೆ, ಹಗಲೋ ಇರುಳೋ ಎಂದಷ್ಟೇ ಮಿದುಳಿಗೆ ತಿಳಿಸುವ ಬೇರೆ ಕೋಶಗಳೂ ಇವೆ ಎಂದು 2002ರ ಹೊತ್ತಿಗೆ ಖಚಿತವಾಯಿತು. ಜೀವಿಗಳ ಒಳಗಿನ ಈ ಗಡಿಯಾರ ಹೇಗೆ ನಡೆಯುತ್ತದೆ ಎಂದು ಕಂಡುಕೊಂಡ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ರಾತ್ರಿ ಹೊತ್ತು ಕಣ್ಣಿಗೆ ಬೀಳುವ ಬೆಳಕು, ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ಎಂಬ ಹಾರ್ಮೋನನ್ನು ತಡೆಯುತ್ತದೆ. ಹದಿಹರೆಯದ ಮಕ್ಕಳಿಗೆ ಎಂಟರಿಂದ ಹತ್ತು ಗಂಟೆಯ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಮೈ ಬೆಳೆಯಲು ಬೇಕಾದ ಹಾರ್ಮೋನು ಹೆಚ್ಚಾಗಿ ಹರಿಯುವುದೂ ಗಾಢ ನಿದ್ದೆಯಲ್ಲಿ. ಚಿಪ್ಪು ಕಟ್ಟುವುದು ಕತ್ತಲಲ್ಲಿ, ಕೋಳಿಯದ್ದೂ ಹಾಗೆ, ಮಕ್ಕಳದ್ದೂ ಹಾಗೆ.

ಇದನ್ನೆಲ್ಲ ಅವರಿಗೆ ಪಾಠದಂತೆ ಒಪ್ಪಿಸಲಿಲ್ಲ. ನನ್ನ ಇನ್ನೂರು ಕೋಳಿಯ ಕತೆ ಹೇಳಿದೆ. ಹದಿಮೂರು ವಾರಕ್ಕೇ ಬಲ್ಬು ಹಾಕಿದ್ದು, ಪಾರಿವಾಳದ ಮೊಟ್ಟೆ, ಹನ್ನೊಂದು ಕೋಳಿ, ಕಾಸಿನ ಸರ. ಅವರು ಕೋಳಿ ಬಲ್ಲವರು. ಹದಿಮೂರು ವಾರ ಎಂದೊಡನೆಯೇ "ಅಯ್ಯೋ" ಎಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಎಳೆಯದಕ್ಕೆ ಬೆಳಕು ಹೆಚ್ಚಿಸಬಾರದೆಂಬ ಸೂತ್ರವನ್ನು ನನಗಿಂತ ಚೆನ್ನಾಗಿ ತಿಳಿದವರಿಗೆ ನಾನು ಇನ್ನೇನು ಹೇಳುವುದಿತ್ತು?

ಮುಂದಿನ ವಾರ ಶೆಡ್ಡಿನ ಗೋಡೆಗೆ ಒಂದು ಟೈಮರ್ ಬಂತು. ಇಪ್ಪತ್ನಾಲ್ಕು ಗಂಟೆಯ ಗಡಿಯಾರದಂಥ ಸಣ್ಣ ಪೆಟ್ಟಿಗೆ. ಹೊತ್ತಿಗೆ ಸರಿಯಾಗಿ ತಾನೇ ಹಾಕುತ್ತದೆ, ತಾನೇ ಆರಿಸುತ್ತದೆ. ಹುಡುಗನ ಮಲಗುವ ಹೊತ್ತು ಹತ್ತಕ್ಕೆ ಬಂತು, ಏಳುವುದು ಆರಕ್ಕೆ. ಮೊಬೈಲು ರಾತ್ರಿ ತಾಯಿಯ ದಿಂಬಿನ ಕೆಳಗೆ. ತಂದೆ ಒಂದೇ ಒಂದು ಷರತ್ತು ಹಾಕಿದರು: "ಮಾರ್ಕ್ಸ್ ಕಡಿಮೆ ಆದ್ರೆ ನೀವೇ ಜವಾಬ್ದಾರಿ ಮೇಷ್ಟ್ರೇ." ಒಪ್ಪಿಕೊಂಡೆ. ಮಾರ್ಚ್ ತಿಂಗಳವರೆಗೆ ನನಗೇ ನಿದ್ದೆ ಸರಿಯಾಗಿ ಬರಲಿಲ್ಲ ಎಂಬುದು ಬೇರೆ ಮಾತು.

ಹುಡುಗ ರ‍್ಯಾಂಕೇನೂ ಬರಲಿಲ್ಲ. ಪಾಸಾದ, ವಿಜ್ಞಾನದಲ್ಲಿ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಪಾಸಾದ. ನನಗೆ ಅದಕ್ಕಿಂತ ಹೆಚ್ಚು ಸಂತೋಷವಾದದ್ದು, ಜನವರಿಯ ಒಂದು ಮಧ್ಯಾಹ್ನ, ಎಲ್ಲರೂ ಆಕಳಿಸುವ ಕೊನೆಯ ಪೀರಿಯಡ್ಡಿನಲ್ಲಿ ಅವನು ಕೈಯೆತ್ತಿ ಕೇಳಿದ ಪ್ರಶ್ನೆ: "ಸಾರ್, ಟೈಮರ್ ಬಲ್ಬು ಹಾಕೋಕ್ಕೆ ಮುಂಚೆನೇ ನಮ್ಮ ಮನೆ ಹುಂಜ ಕೂಗುತ್ತಲ್ಲ, ಅದಕ್ಕೆ ಹೆಂಗೆ ಗೊತ್ತಾಗುತ್ತೆ?"

ಅದಕ್ಕೆ ಉತ್ತರವಿದೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಗಲಿರುಳಿನ ಭೇದವೇ ಇಲ್ಲದ ಮಂದ ಬೆಳಕಿನ ಕೋಣೆಯಲ್ಲಿಟ್ಟ ಹುಂಜಗಳೂ ಹೆಚ್ಚುಕಡಿಮೆ ದಿನಕ್ಕೊಮ್ಮೆ ಬೆಳಗಿನ ಹೊತ್ತೆಂದು ಕೂಗುತ್ತಿದ್ದವು. ಹುಂಜದೊಳಗೇ ಒಂದು ಗಡಿಯಾರವಿದೆ. ಅದು ಬೆಳಕನ್ನು ಕಂಡು ಕೂಗುವುದಷ್ಟೇ ಅಲ್ಲ, ಬೆಳಕು ಬರುತ್ತದೆ ಎಂದು ನಂಬಿ ಮೊದಲೇ ಕೂಗುತ್ತದೆ. ಮುದುಕಿಯನ್ನು ನೋಡಿ ನಗುವ ಮೊದಲು ಅವಳ ಹುಂಜಕ್ಕೆ ಒಂದು ನಮಸ್ಕಾರ ಹಾಕಬೇಕು ಎಂದು ಅಂದಿನಿಂದ ಕತೆಯ ಕೊನೆಗೆ ಸೇರಿಸಿ ಹೇಳುತ್ತಿದ್ದೇನೆ.

ಹುಡುಗ ಈಗ ಪಿಯುಸಿ ಮುಗಿಸುವ ಹಂತದಲ್ಲಿದ್ದಾನೆ. ಈಚೆಗೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. "ಕೋಳಿಗಳು ಹೇಗಿವೆಯೋ?" ಎಂದೆ.

"ಚೆನ್ನಾಗವೆ ಸಾರ್. ಮೊನ್ನೆ ಮಳೆ ಬಂದು ರಾತ್ರಿ ಎರಡು ಗಂಟೆ ಹೊತ್ತು ಕರೆಂಟ್ ಇರ್ಲಿಲ್ಲ. ಟೈಮರ್ ಅಷ್ಟು ಹಿಂದೆ ಬಿದ್ದುಬಿಡ್ತು. ನಾಲ್ಕಕ್ಕೆ ಹತ್ತಬೇಕಾದ್ದು ಹತ್ತಲಿಲ್ಲ."

"ಮತ್ತೆ?"

"ಅಪ್ಪ ಎದ್ದು ನೋಡಿ ಕೈಯಲ್ಲೇ ಸ್ವಿಚ್ ಹಾಕಿದ್ರಂತೆ. ನನ್ನ ಎಬ್ಬಿಸಲಿಲ್ಲ ಸಾರ್."

ಬಸ್ಸು ಬಂತು. ಅವನು ಹತ್ತಿ ಹೋದ.